ಓಟ ಮುಗಿಸದಿದ್ದರೆ ಅವನಿಗೆ ಮೋಸವೇ?

ಅಕ್ಕಾವ್ರೇ,

ನಾನು ಮಸ್ಕಿಯವನು. ಸಿಂಧನೂರಿನ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಲಿಂಗಸುಗೂರಿನ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುವಾಗ ಸಿಕ್ಕ ದೋಸ್ತನೊಬ್ಬ ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದ. ಅವನ ಎರಡೂ ಕಿಡ್ನಿ ಕೆಟ್ಟವು, ಎರಡು ವರ್ಷ ಡಯಾಲಿಸಿಸ್ ಮೇಲಿದ್ದ. ವಾರಕ್ಕೆ ಎರಡು ಸಲ ನನ್ನ ಬೈಕಿನಲ್ಲೇ ಲಿಂಗಸುಗೂರಿಗೆ ಕರೆದೊಯ್ಯುತ್ತಿದ್ದೆ. ಹೋದ ವರ್ಷ ಭತ್ತದ ಸುಗ್ಗಿಯಲ್ಲಿ ಮಿಲ್ ಮುಂದೆ ಲಾರಿಗಳು ಸಾಲುಗಟ್ಟಿದ್ದವು, ರಜೆ ಸಿಗಲಿಲ್ಲ. ‘ಇವತ್ತೊಂದಿನ ಬಸ್ಸಿಗೆ ಹೋಗಿ ಬಾ’ ಅಂದೆ. ಅವನು ಹೋಗಲಿಲ್ಲ. ಮೂರನೇ ದಿನ ರಾತ್ರಿ ಉಸಿರು ಕಟ್ಟಿ ತೀರಿಕೊಂಡ.

ಅಂದಿನಿಂದ ಓಡುತ್ತಿದ್ದೇನೆ. ಬೆಂಗಳೂರಿನ ವರ್ಲ್ಡ್ 10ಕೆ ಮುಗಿಸಿದೆ, ವಿಜಯಪುರದ ವೃಕ್ಷಥಾನ್‌ನಲ್ಲಿ ಅರ್ಧ ಮ್ಯಾರಥಾನ್ ಮುಗಿಸಿದೆ. ಜನವರಿಯಲ್ಲಿ ಮುಂಬೈಯಲ್ಲಿ ಪೂರ್ತಿ ಮ್ಯಾರಥಾನ್ ಓಡುತ್ತೇನೆ, ಬಂದ ಹಣ ಕಿಡ್ನಿ ರೋಗಿಗಳಿಗೆ ಎಂದು ಅವನ ಫೋಟೋ ಹಾಕಿ ವಾಟ್ಸಾಪಿನಲ್ಲಿ ಕೇಳಿಕೊಂಡೆ. ಅರವತ್ತು ಸಾವಿರಕ್ಕೂ ಮೇಲೆ ಬಂದಿದೆ, ನನ್ನ ಖಾತೆಯಲ್ಲೇ ಇದೆ. ಈಗ ಬಲ ಮೊಣಕಾಲು ನೋಯುತ್ತದೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಓಡುತ್ತೇನೆ. ರಾತ್ರಿ ನಿದ್ದೆ ಇಲ್ಲ. ‘ಸತ್ತವರಿಗೆ ಅಂತ ಓಡ್ತೀರಿ, ಇದ್ದವರ ಗತಿ ಏನು’ ಅಂತಾಳೆ ಹೆಂಡತಿ. ಅವನ ಚಿತ್ರ ಅಚ್ಚು ಹಾಕಿಸಿದ ಟೀ ಶರ್ಟ್ ತೊಟ್ಟು ಅವನ ಮನೆಗೆ ಹೋದರೆ ಅವನ ಅವ್ವ ಮುಖ ತಿರುಗಿಸಿ ಒಳಗೆ ಹೋದರು. ಓಟ ಮುಗಿಸದಿದ್ದರೆ ಹಣ ಕೊಟ್ಟವರಿಗೂ ಅವನಿಗೂ ಮೋಸ ಮಾಡಿದಂತೆ ಅಲ್ಲವೇ?

— ಹೆಸರು ಬೇಡ, ಮಸ್ಕಿ

ತಮ್ಮಾ,

ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ. ಮೊದಲು ಆ ಮಾತ್ರೆ ನಿಲ್ಲಿಸು.

ನೀನು ಮಾತ್ರೆಯ ಹೆಸರು ಬರೆದಿಲ್ಲ. ನಮ್ಮ ಕಡೆ ಮೊಣಕಾಲು ನೋವು ಅಂದರೆ ಚೀಟಿ ಇಲ್ಲದೆ ಕೈಗೆ ಬರುವುದು ಸಾಮಾನ್ಯವಾಗಿ ಡೈಕ್ಲೋಫೆನಾಕ್, ಇಲ್ಲವೇ ಐಬುಪ್ರೊಫೆನ್ ಬೆರೆತದ್ದು. ಓಡುವಾಗ ಬೆವರಿಳಿದು ಮೈಯಲ್ಲಿ ನೀರು ಕಡಿಮೆಯಾದಂತೆ ಮೂತ್ರಪಿಂಡಕ್ಕೆ ಹರಿಯುವ ರಕ್ತವೂ ತಗ್ಗುತ್ತದೆ. ಆಗ ಅಲ್ಲಿನ ರಕ್ತನಾಳಗಳು ಮುದುಡದಂತೆ ದೇಹ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದಿಂದ ನೋಡಿಕೊಳ್ಳುತ್ತದೆ. ಈ ಮಾತ್ರೆಗಳು ನೋವು ತಗ್ಗಿಸುವುದು ಅದೇ ರಾಸಾಯನಿಕವನ್ನು ತಡೆದು. ಅಂದರೆ ಕಿಡ್ನಿಗೆ ಅದು ತೀರ ಬೇಕಾದ ಹೊತ್ತಿನಲ್ಲೇ ಕಿತ್ತುಕೊಂಡಂತಾಯಿತು. 80 ಕಿಲೋಮೀಟರ್ ಓಡುವವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಐಬುಪ್ರೊಫೆನ್ ನುಂಗಿದವರಲ್ಲಿ ಶೇ 52 ಮಂದಿಗೆ ಮೂತ್ರಪಿಂಡಕ್ಕೆ ಪೆಟ್ಟಾದ ಗುರುತು ಕಂಡಿತ್ತು. ಮದ್ದಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಅದು ಶೇ 34. ಹೆಚ್ಚಿನವರಿಗೆ ಈ ಪೆಟ್ಟು ತಾನಾಗಿ ವಾಸಿಯಾಗುತ್ತದೆ. ಆದರೆ ವಾರಗಟ್ಟಲೆ ಮಾತ್ರೆ ನುಂಗುತ್ತ, ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ, ನೋವನ್ನು ಅದುಮಿಟ್ಟು ಓಡುವವನಿಗೂ ಹಾಗೇ ಆಗುತ್ತದೆಂದು ಯಾರೂ ಭರವಸೆ ಕೊಡಲಾರರು.

ಕಿಡ್ನಿ ಕೆಟ್ಟು ಹೋದ ಗೆಳೆಯನ ಹೆಸರಿನಲ್ಲಿ ನಿನ್ನ ಕಿಡ್ನಿಯನ್ನು ಅಪಾಯಕ್ಕೆ ಒಡ್ಡಬೇಡ. ಅವನು ಎದುರಿಗಿದ್ದಿದ್ದರೆ ಆ ಮಾತ್ರೆಗಳನ್ನು ನಿನ್ನ ಕೈಯಿಂದ ಕಿತ್ತು ಎಸೆಯುತ್ತಿದ್ದ. ಎಷ್ಟು ನೀರು ಕುಡಿಯಬೇಕು, ಯಾವ ಮಾತ್ರೆ ಮುಟ್ಟಬಾರದು ಎಂದು ಎರಡು ವರ್ಷ ದಿನಾ ಲೆಕ್ಕ ಹಾಕಿ ಬದುಕಿದವನು ಅವನು.

ಮುಂದಿನ ವಾರ ವೈದ್ಯರ ಹತ್ತಿರ ಹೋಗು. ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸು, ಮೂತ್ರ ಪರೀಕ್ಷೆ ಮಾಡಿಸು, ಬಿಪಿಯನ್ನೂ ನೋಡಿಸು. ದೂರ ಓಡಿದ ಮರುದಿನ ಈ ಪರೀಕ್ಷೆ ಬೇಡ, ಆಗ ಅಂಕಿ ಹೇಗೂ ಏರಿರುತ್ತದೆ. ಕೆಲವು ದಿನ ಓಡದೆ ಇದ್ದು ಆಮೇಲೆ ಮಾಡಿಸು. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗು. ಮೊಣಕಾಲನ್ನು ಮೂಳೆ ವೈದ್ಯರಿಗೆ ತೋರಿಸದೆ ಮತ್ತೆ ಓಡಬೇಡ.

ಈಗ ಆ ಸುಗ್ಗಿಯ ದಿನಕ್ಕೆ ಬರುತ್ತೇನೆ. ಪತ್ರದಲ್ಲಿ ನೀನು ಅದನ್ನು ಕೆಲವೇ ಸಾಲುಗಳಲ್ಲಿ ಮುಗಿಸಿದ್ದೀ, ಆದರೆ ಉಳಿದ ಪತ್ರವೆಲ್ಲ ಹುಟ್ಟಿದ್ದು ಅಲ್ಲಿಂದಲೇ ಅನ್ನಿಸಿತು.

ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಡಯಾಲಿಸಿಸ್ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಪೊಟ್ಯಾಸಿಯಂ ಏರುತ್ತದೆ. ಅದು ಎದೆಗೂ ಉಸಿರಿಗೂ ಅಪಾಯ. ಆ ಒಂದು ದಿನ ಲೆಕ್ಕಕ್ಕೇ ಬಾರದು ಎಂದರೆ ನೀನೂ ನಂಬುವುದಿಲ್ಲ. ಆದರೆ ಆ ದಿನವೇ ಅವನನ್ನು ಕೊಂದಿತು ಎಂಬ ತೀರ್ಪನ್ನು ನೀನು ಯಾವ ವೈದ್ಯರನ್ನೂ ಕೇಳದೆ ಬರೆದುಕೊಂಡಿದ್ದೀ. ಡಯಾಲಿಸಿಸ್ ಮೇಲಿರುವ ಹಲವರ ಹೃದಯ ತಿಂಗಳುಗಟ್ಟಲೆ ಸೋತಿರುತ್ತದೆ. ಒಂದೂ ದಿನ ತಪ್ಪಿಸದವರೂ ಹಠಾತ್ತನೆ ಹೋಗುತ್ತಾರೆ. ಅವನನ್ನು ನೋಡುತ್ತಿದ್ದ ವೈದ್ಯರು ಲಿಂಗಸುಗೂರಿನಲ್ಲೇ ಇದ್ದರೆ ಹೋಗಿ ಕೇಳು. ಉತ್ತರ ಏನೇ ಬರಲಿ, ನಿನ್ನ ರಾತ್ರಿಗಳಿಗೆ ಈಗ ಇರುವ ಊಹೆಗಿಂತ ಅದು ಹಗುರ.

ಇನ್ನೊಂದು ಮಾತು. ಅಂದು ಬಸ್ಸಿತ್ತು, ನೀನೂ ಹೇಳಿದ್ದೆ. ಅವನು ಯಾಕೆ ಹೋಗಲಿಲ್ಲ? ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗಿ, ಸ್ನಾಯು ಹಿಡಿದು, ತಲೆ ಸುತ್ತಿ, ಮನೆಗೆ ಬಂದು ಮರುದಿನವೆಲ್ಲ ಹಾಸಿಗೆ ಹಿಡಿಯುವವರಿಗೆ ‘ಇವತ್ತು ಬೇಡ’ ಅನ್ನಿಸುವುದು ತೀರ ಸಹಜ. ಆ ಆಯಾಸ ಅವನದು, ಆ ನಿರ್ಧಾರದಲ್ಲಿ ಅವನ ಪಾಲೂ ಇದೆ. ಇಡೀ ಭಾರವನ್ನು ನೀನೊಬ್ಬನೇ ಹೊತ್ತರೆ ಅವನನ್ನು ಸ್ವಂತ ಬುದ್ಧಿಯಿಲ್ಲದ ಮಗುವಿನಂತೆ ಕಂಡ ಹಾಗಾಗುತ್ತದೆ. ಎರಡು ವರ್ಷ, ವಾರಕ್ಕೆ ಎರಡು ಸಲ ಎಂದರೆ ಇನ್ನೂರರ ಸಮೀಪ ಬರುತ್ತದೆ. ಅಷ್ಟು ಸಲ ಬೈಕ್ ಓಡಿಸಿದವನನ್ನು ಮರೆತು, ಒಂದು ದಿನ ಬಾರದವನನ್ನು ಮಾತ್ರ ನೀನು ನೆನಪಿಟ್ಟುಕೊಂಡಿದ್ದೀ.

ಪ್ರಾಯಶ್ಚಿತ್ತಕ್ಕೆಂದು ಓಡುವವನಿಗೆ ಯಾವ ದೂರವೂ ಸಾಲುವುದಿಲ್ಲ. ಹತ್ತು ಕಿಲೋಮೀಟರ್ ಸಾಲಲಿಲ್ಲ, ಇಪ್ಪತ್ತೊಂದು ಸಾಲಲಿಲ್ಲ. ನಲವತ್ತೆರಡು ಸಾಲುತ್ತದೆಂದು ನನಗೆ ತೋರುವುದಿಲ್ಲ. ಆ 42.195 ಕಿಲೋಮೀಟರ್ ಕೂಡ ಯಾರೋ ಎಲ್ಲಿಯೋ ಗೊತ್ತು ಮಾಡಿದ ಲೆಕ್ಕ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಯುವಂತೆ ಗೆರೆ ಎಳೆದರು, ಮುಂದೆ ಅದೇ ಅಳತೆ ನಿಂತುಹೋಯಿತು. ನಿನ್ನ ದೋಸ್ತ ಆ ಅಂಕಿಯನ್ನು ನಿನ್ನಿಂದ ಕೇಳಿರಲಿಲ್ಲ.

ಹಾಗೆಂದು ದುಃಖದಲ್ಲಿ ಓಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಪಂಜಾಬಿನ ಫೌಜಾ ಸಿಂಗ್ 1994ರಲ್ಲಿ ಮಗ ಕುಲ್‌ದೀಪನನ್ನು ಕಣ್ಣೆದುರೇ ಕಳೆದುಕೊಂಡರು. ಆ ಸಂಕಟದಲ್ಲೇ ಲಂಡನ್ನಿನಲ್ಲಿ ಓಟ ಹಿಡಿದರು. 2000ದಲ್ಲಿ, 89ನೇ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಮುಗಿಸಿದರು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ಕೆಲಸ ಮಾಡುವ ಸಂಸ್ಥೆಗೆ ಅವರ ಓಟದಿಂದ ಹಣ ಹೋಯಿತು. ಓಟ ಅವರಿಗೆ ಮತ್ತೆ ಜನರ ನಡುವೆ ಬರುವ ದಾರಿಯಾಯಿತು, ಜತೆಗೆ ತರಬೇತಿ ಕೊಡುವವರಿದ್ದರು. ನೀನು ಒಬ್ಬನೇ, ನಿದ್ದೆಗೆಟ್ಟು, ನೋವು ಮುಚ್ಚಿಕೊಂಡು ಓಡುತ್ತಿದ್ದೀ. ನನಗೆ ಕಳವಳ ಅದು. ನಿದ್ದೆ ಇಲ್ಲದ ರಾತ್ರಿ 14416ಕ್ಕೆ ಕರೆ ಮಾಡು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ ಇರುತ್ತದೆ.

ಮುಗಿಸದಿದ್ದರೆ ಮೋಸವೇ ಎಂದು ಕೇಳಿದ್ದೀ. ಜಗತ್ತಿನಲ್ಲಿ ಹೀಗೆ ದಾನಕ್ಕಾಗಿ ಓಡಿದವರಲ್ಲಿ ಬಹಳ ದೊಡ್ಡ ಹೆಸರು ಕೆನಡಾದ ಟೆರಿ ಫಾಕ್ಸ್‌ನದು. ಅವನು ಓಟ ಮುಗಿಸಲೇ ಇಲ್ಲ. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಆ ಹುಡುಗ ಕೃತಕ ಕಾಲು ಕಟ್ಟಿಕೊಂಡು 1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯಿಂದ ಪಶ್ಚಿಮಕ್ಕೆ ಹೊರಟ. ದಿನಕ್ಕೆ ಒಂದು ಮ್ಯಾರಥಾನಿನಷ್ಟು ದೂರ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದು ಗೊತ್ತಾಗಿ, ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಊರಿನ ಹತ್ತಿರ ನಿಂತ. ಮರುವರ್ಷ ಜೂನ್‌ನಲ್ಲಿ, 22ನೇ ವಯಸ್ಸಿಗೆ ತೀರಿಕೊಂಡ. ಜನ ಕೈ ಹಿಂತೆಗೆಯಲಿಲ್ಲ. ಅವನು ನಿಂತ ಮೇಲೆ ಇನ್ನಷ್ಟು ಕೊಟ್ಟರು, ಕೆನಡಾದ ಪ್ರತಿಯೊಬ್ಬನಿಂದ ಒಂದು ಡಾಲರ್ ಎಂಬ ಅವನ ಆಸೆ ಅವನು ಬದುಕಿದ್ದಾಗಲೇ ಕೈಗೂಡಿತು. ಅವನ ಹೆಸರಿನಲ್ಲಿ ಇಂದಿಗೂ ನಡೆಯುವ ಓಟದಲ್ಲಿ ಗೆದ್ದವರು, ಸೋತವರು ಎಂಬುದಿಲ್ಲ, ನಡೆದುಕೊಂಡೂ ಬರಬಹುದು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಯುಗಾದಿ ಹತ್ತಿರವಾದಾಗ ನಮ್ಮ ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವುದನ್ನು ನೀನು ನೋಡಿಯೇ ಇರುತ್ತೀ. ದಾರಿಯುದ್ದಕ್ಕೂ ಊರವರು ಮಜ್ಜಿಗೆ, ರೊಟ್ಟಿ, ಅನ್ನ ಇಟ್ಟುಕೊಂಡು ಕಾಯುತ್ತಾರೆ. ಕಾಲು ಬೊಬ್ಬೆ ಬಂದು ಯಾರಾದರೂ ಗಾಡಿ ಹತ್ತಿದರೆ ದಾಸೋಹ ಮಾಡಿದವರು ಹೋಗಿ ರೊಟ್ಟಿಯ ಲೆಕ್ಕ ಕೇಳುವುದಿಲ್ಲ. ನಿನಗೆ ಹಣ ಹಾಕಿದವರೂ ನಿನ್ನ ಕಾಲಿಗೆ ಕೂಲಿ ಕೊಟ್ಟವರಲ್ಲ. ಕಿಡ್ನಿ ರೋಗಿಗಳಿಗೆ ತಲುಪಲಿ ಎಂದು ಕೊಟ್ಟವರು. ಆ ಹಣ ತಲುಪದಿದ್ದರೆ ಮಾತ್ರ ಅವರಿಗೆ ಮೋಸವಾದೀತು. ಮೊಣಕಾಲು ಕೈಕೊಟ್ಟು ಈ ವರ್ಷ ಓಡಲಾಗುವುದಿಲ್ಲ ಎಂದು ಅದೇ ಗುಂಪಿನಲ್ಲಿ ನೇರವಾಗಿ ಬರೆದು ತಿಳಿಸು. ಬೇಡವೆಂದವರಿಗೆ ಹಣ ಹಿಂದಿರುಗಿಸುತ್ತೇನೆ ಎಂದೂ ಸೇರಿಸು.

ಆದರೆ ಹಣ ನಿನ್ನ ಸ್ವಂತ ಖಾತೆಯಲ್ಲಿ, ಮನೆಖರ್ಚಿನ ಜತೆ ಬೆರೆತು ಕೂತಿರುವುದು ಸರಿಯಲ್ಲ. ನಿನ್ನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಲೆಕ್ಕ ಬರೆಯುವವನೇ ಆದ್ದರಿಂದ ನಿನಗೆ ಬೇಗ ಅರ್ಥವಾಗುತ್ತದೆ. ಮುಂಬೈ, ಬೆಂಗಳೂರಿನ ದೊಡ್ಡ ಓಟಗಳಲ್ಲಿ ದಾನದ ಹಣ ನೋಂದಾಯಿತ ಸಂಸ್ಥೆಗಳಿಗೆ ಹೋಗುವ ಏರ್ಪಾಡಿದೆ, ಹಾಗಾದಾಗ ಓಡುವವನ ಹೆಸರಿಗೆ ಮಸಿ ಹತ್ತುವುದಿಲ್ಲ. ಇನ್ನಿಬ್ಬರನ್ನು ಸೇರಿಸಿಕೊಂಡು ಬೇರೆ ಜಂಟಿ ಖಾತೆ ತೆರೆ, ಯಾರಿಂದ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬುದನ್ನು ಪ್ರತಿ ತಿಂಗಳು ಗುಂಪಿಗೆ ಹಾಕು.

ಯಾವುದಕ್ಕೆ ಹೋಗಬೇಕು ಎಂಬುದಕ್ಕೆ ಉತ್ತರ ನಿನ್ನ ಪತ್ರದಲ್ಲೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಬಡವರು ದುಡ್ಡು ಕೊಡಬೇಕಿಲ್ಲ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದಿದ್ದೇ ಅದಕ್ಕಾಗಿ. ಬಡವರು ಎಡವುವುದು ಆ ಯಂತ್ರದವರೆಗೆ ಹೋಗುವ ದಾರಿಯಲ್ಲಿ. ರೋಗಿ ಒಬ್ಬನೇ ಹೋಗಲಾರ, ಜತೆಗೆ ಹೋದವನ ಆ ದಿನದ ಕೂಲಿ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿಲ್ಲ, ಗಂಡಸರಿಗೆ ಇದೆ. ಡಯಾಲಿಸಿಸ್ ಮುಗಿದು ನಿಲ್ಲಲಾಗದೆ ವಾಲುವವನನ್ನು ತುಂಬಿದ ಬಸ್ಸಿಗೆ ಹತ್ತಿಸುವುದು ಹೇಗೆಂದು ನಿನಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಲಿಂಗಸುಗೂರು, ಸಿಂಧನೂರಿನ ಡಯಾಲಿಸಿಸ್ ಘಟಕಗಳಿಗೆ ಹೋಗಿ ಅಲ್ಲಿನ ಸಿಬ್ಬಂದಿಯನ್ನು ಕೇಳು: ಮಸ್ಕಿ ಕಡೆಯಿಂದ ಬರುವವರಲ್ಲಿ ಯಾರು ಆಗಾಗ ತಪ್ಪಿಸುತ್ತಾರೆ, ಯಾಕೆ? ಆ ಹಣದಲ್ಲಿ ಒಂದು ಆಟೋ ಗೊತ್ತು ಮಾಡಬಹುದು. ಹಾಸ್ಟೆಲ್ಲಿನ ಹಳೆಯ ಗೆಳೆಯರು ಪಾಳಿ ಹಾಕಿಕೊಂಡರೆ ಬೈಕಿನಲ್ಲೇ ಕರೆದೊಯ್ಯಬಹುದು. ಮಿಲ್ಲಿನಲ್ಲಿ ಲಾರಿ ಸಾಲುಗಟ್ಟಿದ ದಿನ ನೀನು ಹೋಗಲಾಗದಿದ್ದರೆ ಇನ್ನೊಬ್ಬ ಹೋಗುತ್ತಾನೆ. ಅಂದು ನಿನ್ನ ದೋಸ್ತನಿಗೆ ಇಲ್ಲದೆ ಹೋದದ್ದು ಆ ಇನ್ನೊಬ್ಬನೇ. ಅವನ ನೆನಪಿನಲ್ಲಿ ಇದಕ್ಕಿಂತ ತಕ್ಕ ದಾನ ನನಗೆ ಕಾಣುವುದಿಲ್ಲ. ಇದಕ್ಕೆ ಮೊಣಕಾಲು ಸರಿಯಾಗುವವರೆಗೆ ಕಾಯಬೇಕಾಗಿಯೂ ಇಲ್ಲ.

ಅವನ ಅವ್ವನ ವಿಷಯ. ಮಗನ ಮುಖ ಇನ್ನೊಬ್ಬನ ಎದೆಯ ಮೇಲೆ ಅಚ್ಚಾಗಿ ಬಾಗಿಲಿಗೆ ಬಂದರೆ ಯಾವ ತಾಯಿ ತಡೆದುಕೊಂಡಾಳು? ನೀನು ಪ್ರೀತಿಯಿಂದಲೇ ಮಾಡಿದ್ದೀ, ಆದರೆ ಕೇಳದೆ ಮಾಡಿದ್ದೀ. ಆ ಅಂಗಿ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೋಗು. ಹಣದ ಮಾತು, ಓಟದ ಮಾತು ಮೊದಲ ದಿನವೇ ಎತ್ತಬೇಡ. ಸುಗ್ಗಿಯ ಆ ದಿನದ್ದನ್ನು ಹೇಳಬೇಕೆನಿಸಿದರೆ ಹೇಳು, ಆದರೆ ಕ್ಷಮೆ ಕೊಡುವ ಹೊರೆಯನ್ನು ಆಕೆಯ ಮೇಲೆ ಹಾಕಬೇಡ. ಆಮೇಲೊಂದು ದಿನ, ಅವನ ಹೆಸರು, ಫೋಟೋ ಬಳಸಬಹುದೇ ಎಂದು ಕೇಳು. ಬೇಡ ಅಂದರೆ ಬೇಡ. ಆಟೋ ಹೆಸರಿಲ್ಲದೆಯೂ ಓಡುತ್ತದೆ.

ಹೆಂಡತಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಮಾತ್ರೆಯ ವಿಷಯ ಆಕೆಗೆ ಗೊತ್ತಿಲ್ಲದಿದ್ದರೆ ಇಂದೇ ಹೇಳು.

ಮೊಣಕಾಲು ವಾಸಿಯಾಗಿ, ವೈದ್ಯರು ಒಪ್ಪಿದ ಮೇಲೆ ಮತ್ತೆ ಓಡು, ಓಡಲೇಬೇಕು ಅನ್ನಿಸಿದರೆ. ನಾಲ್ಕೈದು ತಿಂಗಳ ತಯಾರಿ ಇಲ್ಲದೆ ಪೂರ್ತಿ ಮ್ಯಾರಥಾನಿಗೆ ಇಳಿಯಬೇಡ. ಕತ್ತಲಲ್ಲಿ ಲಾರಿಗಳು ನುಗ್ಗುವ ಹೆದ್ದಾರಿ ಬಿಟ್ಟು ಕಾಲುವೆ ದಂಡೆ ಹಿಡಿ. ಬಾಯಾರಿದಷ್ಟು ಕುಡಿ. ಹೆದರಿ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನಂಶ ಕುಸಿದು ಅದೂ ಅಪಾಯ. ಕ್ರಿಯಾಟಿನಿನ್ ವರದಿ ಏನು ಬಂತೆಂದು ನನಗೆ ಬರೆದು ತಿಳಿಸು, ಆ ಅಂಕಿ ನೋಡುವವರೆಗೆ ನನಗೂ ಸಮಾಧಾನವಿಲ್ಲ.