ಜಿಂಕ್ ಸಲ್ಫೇಟ್ ಪರೀಕ್ಷೆ: ಮಾಡುವುದು ಹೇಗೆ, ಬರೆಯುವುದು ಹೇಗೆ?

ನಾಟಿ ಮಾಡಿದ ಎರಡು ಮೂರು ವಾರಗಳಲ್ಲಿ ಬತ್ತದ ಎಲೆಗಳ ಮೇಲೆ ತುಕ್ಕು ಬಣ್ಣದ ಚುಕ್ಕೆಗಳು ಕಾಣಿಸಿಕೊಂಡು, ಪೈರು ಗಿಡ್ಡಾಗಿ ನಿಂತರೆ ಸತುವಿನ ಕೊರತೆ ಇರಬಹುದು. 'ಖೈರಾ' ಎನ್ನುವ ಈ ತೊಂದರೆಗೆ ಸತುವಿನ ಅಭಾವವೇ ಕಾರಣವೆಂದು ಪಂತನಗರದಲ್ಲಿ ಡಾ. ವೈ. ಎಲ್. ನೆನೆ ಅವರು 1966ರಲ್ಲಿ ತೋರಿಸಿಕೊಟ್ಟರು. ಎಕರೆಗೆ 8ರಿಂದ 10 ಕಿ.ಗ್ರಾಂ ಜಿಂಕ್ ಸಲ್ಫೇಟ್ ಹಾಕುವುದು ಇದಕ್ಕೆ ಪರಿಹಾರ. ಆದರೆ ಚೀಲದಲ್ಲಿರುವುದು ಜಿಂಕ್ ಸಲ್ಫೇಟೇ ಆಗಿರಬೇಕಲ್ಲ! ಅಗ್ಗದ ಮೆಗ್ನೀಸಿಯಂ ಸಲ್ಫೇಟಿನ ಹರಳುಗಳೂ ನೋಡಲು ಹಾಗೆಯೇ ಇರುತ್ತವೆ. ಅದನ್ನು ಹಾಕಿ ಕಾದು ಕುಳಿತರೆ ಹಣದ ಜೊತೆಗೆ ತೆಂಡೆ ಒಡೆಯುವ ಕಾಲವೂ ಕೈತಪ್ಪುತ್ತದೆ.

ಇವೆರಡನ್ನೂ ಬೇರ್ಪಡಿಸಿ ಗುರುತಿಸುವ ಪರೀಕ್ಷೆಯನ್ನು ಊರಿನ ಪ್ರೌಢಶಾಲೆ ಅಥವಾ ಜೂನಿಯರ್ ಕಾಲೇಜಿನ ಪ್ರಯೋಗಶಾಲೆಯಲ್ಲಿ, ವಿಜ್ಞಾನದ ಮೇಷ್ಟ್ರ ಸಮ್ಮುಖದಲ್ಲಿ ಮಾಡಬಹುದು. ಚೀಲದ ಮೇಲ್ಭಾಗ, ನಡು, ತಳ ಮೂರೂ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, 1 ಗ್ರಾಂನಷ್ಟನ್ನು 50 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ಇದರಲ್ಲಿ 5 ಮಿ.ಲೀ. ದ್ರಾವಣವನ್ನು ಪ್ರನಾಳಕ್ಕೆ ಹಾಕಿ, ಶೇಕಡ 10ರ ಕಾಸ್ಟಿಕ್ ಸೋಡ ದ್ರಾವಣವನ್ನು ತೊಟ್ಟುತೊಟ್ಟಾಗಿ ಸೇರಿಸಿ. ಮೊದಲು ಬಿಳಿಯ ಒತ್ತರ ಬರುತ್ತದೆ. ಇಲ್ಲಿಗೇ ನಿಲ್ಲಿಸಬೇಡಿ, ಎರಡು ಲವಣಗಳೂ ಇಲ್ಲಿಯವರೆಗೆ ಒಂದೇ ರೀತಿ ವರ್ತಿಸುತ್ತವೆ. ಇನ್ನೂ 5 ಮಿ.ಲೀ. ಸೋಡ ಸೇರಿಸಿ ಕುಲುಕಿದಾಗ ಸತುವಿನ ಒತ್ತರ ಕರಗಿ ದ್ರಾವಣ ತಿಳಿಯಾಗುತ್ತದೆ. ಮೆಗ್ನೀಸಿಯಂನದು ಎಷ್ಟು ಸೋಡ ಹಾಕಿದರೂ ಕರಗದೆ ಉಳಿಯುತ್ತದೆ.

ಕಾಸ್ಟಿಕ್ ಸೋಡ ಚರ್ಮವನ್ನು, ಅದಕ್ಕಿಂತ ಮುಖ್ಯವಾಗಿ ಕಣ್ಣನ್ನು ಸುಡುತ್ತದೆ. ಪ್ರನಾಳದ ಬಾಯಿ ಯಾರ ಮುಖದ ಕಡೆಗೂ ಇರಬಾರದು. ಮೈಗೆ ತಾಗಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಿರಿ.

ಒಂದೇ ಪ್ರನಾಳ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಶಾಲೆಯಲ್ಲಿರುವ ಶುದ್ಧ ಜಿಂಕ್ ಸಲ್ಫೇಟ್ ಒಂದರಲ್ಲಿ, ಮೆಗ್ನೀಸಿಯಂ ಸಲ್ಫೇಟ್ ಇನ್ನೊಂದರಲ್ಲಿ, ನಿಮ್ಮ ಮಾದರಿ ಮೂರನೆಯದರಲ್ಲಿ ಇಟ್ಟು, ಮೂರಕ್ಕೂ ಒಂದೇ ಅಳತೆಯ ಸೋಡ ಹಾಕಿ ಹೋಲಿಸಬೇಕು. ಸೋಡವೇ ಹಳತಾಗಿ ಕೆಟ್ಟಿದ್ದರೆ ಅದೂ ಇದರಿಂದ ತಿಳಿಯುತ್ತದೆ.

ಇನ್ನು ಬರೆಯುವ ಮಾತು. ಮಕ್ಕಳ ಪ್ರಾಯೋಗಿಕ ಪುಸ್ತಕದಲ್ಲಿ ಪ್ರಯೋಗ, ವೀಕ್ಷಣೆ, ಅನುಮಾನ ಎಂಬ ಮೂರು ಅಂಕಣಗಳಿರುತ್ತವೆ. ಎಷ್ಟೋ ಮಕ್ಕಳು ಉತ್ತರವನ್ನು ಮೊದಲೇ ತಿಳಿದು ವೀಕ್ಷಣೆಯನ್ನು ಆಮೇಲೆ ತುಂಬುತ್ತಾರೆ. ರೈತರು ಹಾಗೆ ಮಾಡಬಾರದು. 'ಕಲಬೆರಕೆ' ಎಂಬ ಮಾತು ಎರಡನೆಯ ಅಂಕಣದಲ್ಲಿ ಬರಕೂಡದು. ಅಲ್ಲಿ ಬರೆಯಬೇಕಾದದ್ದು, 'ಒಟ್ಟು 6 ಮಿ.ಲೀ. ಸೋಡ ಹಾಕಿ ಕುಲುಕಿದೆ. ಸ್ವಲ್ಪ ಬಿಳಿ ಗಸಿ ತಳದಲ್ಲಿ ಉಳಿಯಿತು. ಶುದ್ಧ ಮಾದರಿಯಲ್ಲಿ ಉಳಿಯಲಿಲ್ಲ' ಎಂದು. ಮೂರನೆಯದರಲ್ಲಿ 'ಮೆಗ್ನೀಸಿಯಂ ಬೆರೆತಿರಬಹುದು' ಎಂದರೆ ಸಾಕು. ಗಸಿ ಕಂದು ಬಣ್ಣದ್ದಾಗಿದ್ದರೆ ಅದು ಕಬ್ಬಿಣದ ಅಂಶವಿರಬಹುದು, ಮೋಸವೇ ಎನ್ನಲಾಗದು. ದಿನಾಂಕ, ಚೀಲದ ಮೇಲಿನ ತಯಾರಿಕಾ ವಿವರ, ರಸೀದಿ ಸಂಖ್ಯೆ ಪುಟದ ಮೇಲ್ಭಾಗದಲ್ಲಿರಲಿ.

ಈ ಪರೀಕ್ಷೆ ಸತುವಿನ ಪ್ರಮಾಣವನ್ನು ಹೇಳುವುದಿಲ್ಲ. ಹರಳಿನ ರೂಪದ ಜಿಂಕ್ ಸಲ್ಫೇಟಿನಲ್ಲಿ ಶೇಕಡ 21ರಷ್ಟು ಸತು ಇರಬೇಕೆಂಬ ನಿಯಮವಿದೆ. ಅದನ್ನು ಅಳೆಯುವುದು ರಸಗೊಬ್ಬರ ಪ್ರಯೋಗಾಲಯದ ಕೆಲಸ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಕಾನೂನುಬದ್ಧ ಮಾದರಿ ತೆಗೆಯುವ ಅಧಿಕಾರ ರಸಗೊಬ್ಬರ ನಿರೀಕ್ಷಕರಿಗಿದೆ. ಸಂಶಯ ಬಂದರೆ ಉಳಿದ ಚೀಲಗಳ ಹೊಲಿಗೆ ಬಿಚ್ಚದೆ, ರಸೀದಿ ಮತ್ತು ಬರೆದಿಟ್ಟ ಪುಟದೊಡನೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.