‘ಇತರೆ’ಯಲ್ಲಿ ಬಚ್ಚಿಟ್ಟ ಖರ್ಚು

ಕುಮಟಾದಲ್ಲಿ ನಾನು ಕೆಲಸ ಮಾಡುವ ಸೊಸೈಟಿಗೆ ಸ್ವಸಹಾಯ ಸಂಘದ ಹೆಂಗಸರು ತಿಂಗಳ ಕಂತು ತುಂಬಲು ಬರುತ್ತಾರೆ. ಸಾಲ ಕೇಳಿದವರಿಂದ ಮನೆಖರ್ಚಿನ ಪಟ್ಟಿ ಬರೆಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಅಕ್ಕಿ, ಮೀನು, ಗ್ಯಾಸು, ಮೊಬೈಲ್ ರೀಚಾರ್ಜು, ಅತ್ತೆಯ ಬಿಪಿ ಮಾತ್ರೆ, ಒಂದನ್ನೂ ಬಿಡದೆ ಹೇಳುತ್ತಾರೆ. ಮುಟ್ಟಾಗುವವರು ಮನೆಯಲ್ಲಿ ಮೂವರಿದ್ದರೂ ಪ್ಯಾಡಿನ ಖರ್ಚು ಮಾತ್ರ ಪಟ್ಟಿಯಲ್ಲಿ ಬರುವುದಿಲ್ಲ. ನಾನೇ ಕೇಳಿದರೆ ದನಿ ತಗ್ಗಿಸಿ, ‘ಅದನ್ನ ಇತರೆಯಲ್ಲಿ ಹಾಕಿ ಅಕ್ಕಾ’ ಎನ್ನುತ್ತಾರೆ.

ಕೈ ಬಿಗಿಯಾದ ತಿಂಗಳು ಮೊದಲ ಕತ್ತರಿ ಬೀಳುವುದು ಈ ಇತರೆಗೇ. ನಮ್ಮ ಕರಾವಳಿಯಲ್ಲಿ ಅಂಥ ತಿಂಗಳು ಯಾವಾಗ ಬರುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಭಟ್ಕಳದ ಬಂದರು, ಹೊನ್ನಾವರದ ಕಾಸರಕೋಡು, ಎಲ್ಲ ಕಡೆ ಬೋಟು ದಡ ಸೇರುತ್ತವೆ, ಬೋಟಿನವರ ಮನೆಗೂ ಮೀನು ಮಾರುವವರ ಮನೆಗೂ ಬರುವ ದುಡ್ಡು ಇಳಿಯುತ್ತದೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ನೋಟ್‌ಬುಕ್ಕು, ಛತ್ರಿ, ಚಪ್ಪಲಿಗಳ ನಡುವೆ ಹುಡುಗಿಯ ಪ್ಯಾಡು ಹಿಂದೆ ಬೀಳುತ್ತದೆ. ಅವಳೂ ಕೇಳುವುದಿಲ್ಲ, ಇದ್ದ ಒಂದನ್ನೇ ಬೆಳಗಿನಿಂದ ಸಂಜೆಯವರೆಗೆ ಇಟ್ಟುಕೊಳ್ಳುತ್ತಾಳೆ. ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕಾದದ್ದನ್ನು ದಿನವಿಡೀ ಇಟ್ಟುಕೊಂಡರೆ ಒದ್ದೆಗೆ ಚರ್ಮ ಕೆಂಪಾಗುತ್ತದೆ, ತುರಿಕೆ, ಉರಿ ಬರುತ್ತವೆ. ಮುಲಾಮಿಗೂ ಡಾಕ್ಟರ ಫೀಸಿಗೂ ಆಗ ಕೊಡುವ ಮೊತ್ತದಲ್ಲಿ ಕೆಲವು ತಿಂಗಳ ಪ್ಯಾಡು ಬರುತ್ತಿತ್ತು.

ಆದ್ದರಿಂದ ನಾನು ಹೇಳುವುದು ಇಷ್ಟು: ಈ ಖರ್ಚಿಗೆ ಪಟ್ಟಿಯಲ್ಲಿ ಅದರದೇ ಹೆಸರಿನ ಸಾಲು ಇರಲಿ, ಆ ಸಾಲಿನ ದುಡ್ಡು ಹುಡುಗಿಯ ಕೈಯಲ್ಲಿರಲಿ.

ಮೊತ್ತ ಎಷ್ಟಾಗುತ್ತದೆ ಎಂದು ನೋಡೋಣ. ಐದು ದಿನದ ಮುಟ್ಟಿಗೆ ಸುಮಾರು 15 ಪ್ಯಾಡು ಬೇಕು ಎಂದುಕೊಳ್ಳಿ. ಅಂಗಡಿಯ ಸಾಧಾರಣ ಪ್ಯಾಡಿಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 105, ವರ್ಷಕ್ಕೆ 1,260 ರೂಪಾಯಿ. ಹದಿಮೂರಕ್ಕೆ ಶುರುವಾಗಿ ಐವತ್ತಕ್ಕೆ ನಿಲ್ಲುತ್ತದೆ ಎಂದರೆ ಇಂದಿನ ದರದಲ್ಲೇ 46 ಸಾವಿರ ದಾಟುತ್ತದೆ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಯಲ್ಲಿ ವರ್ಷಕ್ಕೆ 3,780 ರೂಪಾಯಿ. ಇಷ್ಟು ದೊಡ್ಡ ಮೊತ್ತ ಲೆಕ್ಕದಲ್ಲೇ ಇಲ್ಲದ ಮನೆಯ ಬಜೆಟ್ಟನ್ನು ನಾನು ನಂಬುವುದಿಲ್ಲ.

ನನ್ನ ತವರು ಹೊನ್ನಾವರ ತಾಲ್ಲೂಕಿನಲ್ಲಿ, ಶರಾವತಿ ದಂಡೆಯ ಅಡಿಕೆ ತೋಟದ ಊರು. ಆಯಿ ಹಳೇ ಹತ್ತಿ ಸೀರೆ ಹರಿದು ಬಟ್ಟೆ ಮಾಡಿಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಅದಕ್ಕೊಂದು ಪೈಸೆ ಖರ್ಚಿರಲಿಲ್ಲ. ಮಳೆ ಹಿಡಿದರೆ ಕಥೆ ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ, ಯಾರ ಕಣ್ಣಿಗೂ ಬೀಳದಂತೆ ಟವೆಲ್ಲಿನ ಅಡಿಯಲ್ಲಿ ಒಣಹಾಕುತ್ತಿದ್ದಳು. ಹೊಗೆ ವಾಸನೆ, ಮುಗ್ಗಲು ವಾಸನೆ ಎರಡೂ ಸೇರಿದ ಅರೆ ಒಣಗಿದ ಬಟ್ಟೆಯನ್ನೇ ಮತ್ತೆ ಬಳಸಬೇಕಿತ್ತು. ನಾನು ಹೊನ್ನಾವರಕ್ಕೆ ಕಾಲೇಜಿಗೆ ಹೋಗತೊಡಗಿದ ಮೇಲೆ, ಡೇರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲಿ ತಿಂಗಳಿಗಿಷ್ಟು ಎಂದು ತೆಗೆದು ನನ್ನ ಕೈಗೆ ಕೊಟ್ಟಳು. ಯಾಕೆ, ಎಷ್ಟು ಎಂದು ಮನೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ, ಯಾಕೆಂದರೆ ಹಾಲಿನ ದುಡ್ಡು ಅವಳದ್ದು. ಶಿರಾಲಿ ಕಡೆಯ ನನ್ನ ಗೆಳತಿಗೆ ಪ್ಯಾಡಿನ ದುಡ್ಡು ಬರುತ್ತಿದ್ದದ್ದು ಅವಳ ಅಮ್ಮ ಭಟ್ಕಳ ಮಲ್ಲಿಗೆ ಕಟ್ಟಿ ಮಾರಿದ್ದರಲ್ಲಿ. ಹೆಂಗಸಿಗೆ ಸ್ವಂತ ಆದಾಯ ಇದ್ದ ಮನೆಗಳಲ್ಲಿ ಹುಡುಗಿಯರಿಗೆ ಪ್ಯಾಡು ಬೇಗ ಬಂತು. ಇದು ನಾನು ಕಣ್ಣಾರೆ ಕಂಡದ್ದು.

ನನ್ನ ಮಗಳು ದೊಡ್ಡವಳಾದದ್ದು ಹನ್ನೆರಡನೇ ವಯಸ್ಸಿಗೆ. ಆಗ ನಾನು ತಂದದ್ದು ಸಣ್ಣ ಪ್ಯಾಕುಗಳನ್ನು, ಅದೂ ಬೇರೆ ಬೇರೆ ಅಳತೆಯವು. ಮೊದಲ ಖರೀದಿಗೆ ಹೊರಟ ಎಲ್ಲ ತಾಯಂದಿರಿಗೂ ಇದನ್ನೇ ಹೇಳುತ್ತೇನೆ. ನಲವತ್ತರ ದೊಡ್ಡ ಪ್ಯಾಕಿನಲ್ಲಿ ಬಿಡಿ ಪ್ಯಾಡಿನ ದರ ಕಡಿಮೆ ಬೀಳುತ್ತದೆ, ನಿಜ. ಆದರೆ ಮೊದಲ ಒಂದೆರಡು ವರ್ಷ ಮುಟ್ಟಿಗೆ ಲೆಕ್ಕವೇ ಕೂರುವುದಿಲ್ಲ. ಅಂಡಾಣು ಬಿಡುಗಡೆ ಇನ್ನೂ ಒಂದು ಕ್ರಮಕ್ಕೆ ಬಂದಿರುವುದಿಲ್ಲ, ಹಾಗಾಗಿ 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ‘ಆಯಿ, ಈ ತಿಂಗ್ಳು ಬಂಜೇ ಇಲ್ಲೆ’ ಎಂದು ಮಗಳು ಗಾಬರಿಯಾದಾಗ ನಾನು ಇದನ್ನೇ ಹೇಳಿ ಸಮಾಧಾನ ಮಾಡಿದೆ. ಸ್ರಾವ ಎಷ್ಟು, ಯಾವ ಅಳತೆ ಸಾಕು, ಯಾವ ಹಾಳೆ ತೊಡೆಗೆ ತರಚುತ್ತದೆ ಎಂಬುದು ಅವಳಿಗೇ ಗೊತ್ತಾಗಲು ಕೆಲವು ತಿಂಗಳು ಬೇಕು. ಅದಾದ ಮೇಲೆ ದೊಡ್ಡ ಪ್ಯಾಕು ತನ್ನಿ. ಪ್ಯಾಕಿನ ಮೇಲಿನ ದರ ನೋಡಿ ಸುಮ್ಮನಾಗದೆ ಒಳಗಿರುವ ಸಂಖ್ಯೆಯಿಂದ ಭಾಗಿಸಿ, ಐಎಸ್ 5405 ಎಂಬ ಗುರುತು ಇದೆಯೇ ನೋಡಿ. ಅದು ಪ್ಯಾಡಿಗಾಗಿ ಭಾರತೀಯ ಮಾನಕ ಬ್ಯೂರೋ ಮಾಡಿದ ಮಾನಕ. ಸುವಾಸನೆ ಬೆರೆಸಿದ್ದಕ್ಕೆ ಹೆಚ್ಚು ಕೊಡಬೇಡಿ, ಎಳೆಯ ಚರ್ಮಕ್ಕೆ ಅದರಿಂದಲೇ ಉರಿ ಬರಬಹುದು.

ಪ್ಯಾಡಿನ ಮೇಲೆ ಈಗ ಜಿಎಸ್‌ಟಿ ಇಲ್ಲ. 2017ರಲ್ಲಿ ಶೇ 12ರಷ್ಟು ಹಾಕಿದ್ದರು, ಹೆಂಗಸರು ದೇಶದಾದ್ಯಂತ ದನಿ ಎತ್ತಿದ ಮೇಲೆ 2018ರ ಜುಲೈನಲ್ಲಿ ತೆಗೆದರು. ಹಾಗೆಂದು ದರ ಅಷ್ಟೂ ಇಳಿಯಲಿಲ್ಲ, ಯಾಕೆಂದರೆ ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆಯನ್ನು ತಯಾರಕರು ಹಿಂಪಡೆಯುವ ದಾರಿಯೂ ಅದರೊಂದಿಗೇ ಮುಚ್ಚಿತು. ನಿಜವಾಗಿ ಅಗ್ಗ ಬೇಕಾದರೆ ಜನೌಷಧಿ ಕೇಂದ್ರದಲ್ಲಿ ‘ಸುವಿಧಾ’ ಕೇಳಿ. 2018ರಲ್ಲಿ ಶುರುವಾದಾಗ ಒಂದಕ್ಕೆ ಎರಡೂವರೆ ರೂಪಾಯಿ ಇತ್ತು, 2019ರ ಆಗಸ್ಟಿನಿಂದ ಒಂದು ರೂಪಾಯಿ. ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ 1,260 ಇದ್ದದ್ದು 180ಕ್ಕೆ ಇಳಿಯುತ್ತದೆ. ಹಳ್ಳಿಯಿಂದ ಪೇಟೆಗೆ ಹೋಗಿಬರುವ ಖರ್ಚು ಎನ್ನುವವರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿದೆ. ಸರ್ಕಾರಿ ಶಾಲೆ, ಹಾಸ್ಟೆಲ್ಲಿನ ಹುಡುಗಿಯರಿಗೆ ‘ಶುಚಿ’ ಯೋಜನೆಯ ಪ್ಯಾಡು ಉಚಿತ. 2013-14ರಲ್ಲಿ ಶುರುವಾದ ಈ ಯೋಜನೆ ನಡುವೆ ಕೆಲವು ವರ್ಷ ನಿಂತೇಹೋಗಿತ್ತು, 2024ರಲ್ಲಿ ಮತ್ತೆ ಬಂತು. ನಿಂತ ವರ್ಷಗಳಲ್ಲಿ ಏನಾಯಿತು ಎಂಬುದು ಆ ಹುಡುಗಿಯರಿಗೆ ಗೊತ್ತು. ಅದಕ್ಕೇ ಉಚಿತ ಬರುತ್ತಿದ್ದರೂ ಮನೆಯ ಪಟ್ಟಿಯ ಸಾಲನ್ನು ಅಳಿಸಬಾರದು ಎನ್ನುತ್ತೇನೆ.

ಬಟ್ಟೆಯ ಪ್ಯಾಡಿನ ಬಗ್ಗೆ ನನಗೆ ಗೌರವವಿದೆ. ಹೊಲಿದು ಬರುವ ಒಳ್ಳೆಯದು ಒಂದಕ್ಕೆ 250 ರೂಪಾಯಿ ಎಂದರೂ ಆರಕ್ಕೆ 1,500, ಮೂರು ವರ್ಷ ಬಾಳಿದರೆ ವರ್ಷಕ್ಕೆ 500. ಆದರೆ ಈ ಲೆಕ್ಕ ಬಯಲುಸೀಮೆಯ ಬಿಸಿಲಿಗೆ ಹೊಂದುತ್ತದೆ. ನಮ್ಮಲ್ಲಿ ಅಕ್ಟೋಬರಿನಿಂದ ಮೇವರೆಗೆ ಬಟ್ಟೆ, ಮಳೆಗಾಲಕ್ಕೆ ಬಿಸಾಡುವ ಪ್ಯಾಡು ಎಂದು ಎರಡನ್ನೂ ಇಟ್ಟುಕೊಳ್ಳುವುದು ಸರಿ. ಬಟ್ಟೆಯನ್ನು ಅಂಗಳದ ಬಿಸಿಲಿಗೇ ಹಾಕಬೇಕು, ಟವೆಲ್ಲಿನ ಅಡಿಯಲ್ಲಿ ಬೇಡ. ಬೋಟಿನ ಆದಾಯ ನಂಬಿದ ಮನೆಯವರು ಮಳೆಯ ನಾಲ್ಕು ತಿಂಗಳಿಗೆ ಬೇಕಾದ ಪ್ಯಾಡನ್ನು ಮೇ ತಿಂಗಳಲ್ಲೇ ತಂದು, ತೇವ ತಾಗದಂತೆ ಡಬ್ಬಿಯಲ್ಲಿ ಮುಚ್ಚಿಡಲಿ. ಮಳೆಗಾಲಕ್ಕೆಂದು ಒಣಮೀನು ಕಟ್ಟಿಡುವ ಮನೆಗಳಿಗೆ ಈ ಮುಂಜಾಗ್ರತೆಯನ್ನು ನಾನು ಕಲಿಸಬೇಕಿಲ್ಲ.

ಮುಟ್ಟಿನ ಕಪ್ಪು ಎಲ್ಲಕ್ಕಿಂತ ಅಗ್ಗ. 400 ರೂಪಾಯಿಯದು ಐದೇ ವರ್ಷ ಬಂದರೂ ವರ್ಷಕ್ಕೆ 80. ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 2019ರಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಅದು ಸುರಕ್ಷಿತ ಎಂದಿತು, ಹತ್ತು ವರ್ಷದವರೆಗೂ ಬಾಳಬಹುದು ಎಂದೂ ಹೇಳಿತು. ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ 2023ರಲ್ಲಿ ಸರ್ಕಾರವೇ ಪ್ರಾಯೋಗಿಕವಾಗಿ ಹುಡುಗಿಯರಿಗೆ ಹಂಚಿತು. ಮಳೆಗಾಲಕ್ಕೆ ಇದಕ್ಕಿಂತ ಅನುಕೂಲದ್ದು ಇಲ್ಲ, ಒಣಗಿಸುವ ಚಿಂತೆಯೇ ಇಲ್ಲ. ತಿಂಗಳಿಗೊಮ್ಮೆ ಐದು ನಿಮಿಷ ನೀರಲ್ಲಿ ಕುದಿಸಿದರೆ ಆಯಿತು. ನಾನು ಬಳಸುತ್ತಿದ್ದೇನೆ. ಆದರೂ ಮಗಳಿಗೆ ಅದನ್ನು ಮುಂದೆ ಮಾಡಿಲ್ಲ. ಒಳಗೆ ಇಟ್ಟುಕೊಳ್ಳುವ ವಸ್ತು, ತನ್ನ ಮೈಯನ್ನು ತಾನು ಅರಿತು ಆರಿಸಿಕೊಳ್ಳಬೇಕಾದದ್ದು. ಉಳಿತಾಯದ ಹೆಸರಿನಲ್ಲಿ ಹನ್ನೆರಡರ ಹುಡುಗಿಯ ಮೇಲೆ ಹೇರುವುದು ನನಗೆ ಒಪ್ಪಿಗೆಯಿಲ್ಲ. ಭಟ್ಕಳದ ನನ್ನ ಗೆಳತಿಯೊಬ್ಬಳ ಗಂಡ ದುಬೈಯಲ್ಲಿದ್ದಾನೆ. ದುಡ್ಡು ಬಂದ ದಿನವೇ ಅವಳು ಹೆಣ್ಣುಮಕ್ಕಳಿಬ್ಬರಿಗೂ ಒಂದೊಂದು ಲಕೋಟೆ ಕೊಡುತ್ತಾಳೆ. ದೊಡ್ಡವಳು ಅದರಲ್ಲೇ ಉಳಿಸಿ ತಾನೇ ಕಪ್ಪು ಕೊಂಡಳು, ಚಿಕ್ಕವಳು ಪ್ಯಾಡೇ ಸಾಕೆಂದಳು. ನನ್ನ ಮಗಳಿಗೆ ಲಕೋಟೆ ಶುರುಮಾಡಿದ್ದು ಇವಳನ್ನು ನೋಡಿಯೇ.

ಬಿಸಾಡುವುದರಲ್ಲೂ ಖರ್ಚಿನ ಲೆಕ್ಕವಿದೆ. ಬಳಸಿದ ಪ್ಯಾಡನ್ನು ಪಾಯಿಖಾನೆಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದು ಗುಂಡಿಗಳು ಮೊದಲೇ ತುಂಬಿರುವ ಊರುಗಳಲ್ಲಿ ಕಟ್ಟಿಕೊಂಡದ್ದನ್ನು ತೆಗೆಸುವುದಕ್ಕೆ ಸಾವಿರಗಟ್ಟಲೆ ಬೇಕು. ಬಚ್ಚಲೊಲೆಗೆ ಹಾಕಿದರೆ ಪ್ಲಾಸ್ಟಿಕ್ಕಿನ ಹೊಗೆ ಮನೆಯವರ ಎದೆಗೇ ಹೋಗುತ್ತದೆ. ಪೇಪರಿನಲ್ಲಿ ಸುತ್ತಿ, ಮೇಲೊಂದು ಕೆಂಪು ಗುರುತು ಹಾಕಿ ಕಸದ ಗಾಡಿಗೆ ಪ್ರತ್ಯೇಕ ಕೊಡಿ. ಕಸ ಬೇರ್ಪಡಿಸುವವರ ಬರಿಗೈಗೆ ಅದು ಸಿಗಬಾರದು.

ತಾಸಿಗೊಂದು ಪ್ಯಾಡು ತೊಯ್ಯುತ್ತಿದ್ದರೆ, ಸ್ರಾವ ಏಳು ದಿನ ದಾಟಿದರೆ, ಮೂರು ತಿಂಗಳು ಬಾರದೇ ಇದ್ದರೆ, ನೋವಿಗೆ ಶಾಲೆ ತಪ್ಪುತ್ತಿದ್ದರೆ ಯಾವ ಪ್ಯಾಡು ಒಳ್ಳೆಯದು ಎಂದು ಹುಡುಕುತ್ತ ಕೂರಬೇಡಿ, ದುಡ್ಡಿನ ಲೆಕ್ಕವನ್ನೂ ಬದಿಗಿಡಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ‘ಸ್ನೇಹಾ ಕ್ಲಿನಿಕ್’ ಬಗ್ಗೆ ಅಲ್ಲಿ ವಿಚಾರಿಸಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನು ಆ ದಿನವೇ ಮಾಡಿಸಿ. ಹುಡುಗಿ ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕೆಂದರೆ ನೀವು ಹೊರಗಿನ ಬೆಂಚಿನ ಮೇಲೆ ಕೂತಿರಿ.