ಹಾಲು ಕರೆಯುವವರಿಗೆ ಬೆಚ್ಚನೆಯ ಟೋಪಿ: ಕ್ರೋಷಾ ಮತ್ತು ಕಡ್ಡಿ ಹೆಣಿಗೆಯ ಮೊದಲ ಪಾಠ



ಹಾಲು ಉತ್ಪಾದಕರ ದಿನ ಆರಂಭವಾಗುವುದು ಸೂರ್ಯ ಹುಟ್ಟುವ ಮೊದಲೇ. ಧನುರ್ಮಾಸದ ಚಳಿಯಲ್ಲಿ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಕ್ಯಾನು ಹಿಡಿದು ಡೇರಿಗೆ ನಡೆಯುವವರಿಗೆ ಮೊದಲು ತಣ್ಣಗಾಗುವುದು ಕಿವಿ ಮತ್ತು ಕುತ್ತಿಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿಯವರೆಗೂ ಉಷ್ಣಾಂಶ ಇಳಿದ ದಾಖಲೆಯಿದೆ. ಅಷ್ಟು ಚಳಿ ಈಗ ಬೀಳದಿದ್ದರೂ ಕೋಗಿಲು, ಯಲಹಂಕ ಕಡೆಯ ಬಯಲಿನಲ್ಲಿ ಬೆಳಗಿನ ಗಾಳಿ ಕೊರೆಯುವುದು ತಪ್ಪಿಲ್ಲ.

ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹಾಕಿ ಹೊಲಕ್ಕೆ ಹೋಗುತ್ತಿದ್ದರು. ಕಂಬಳಿ ನೇಯುವ ದಖನಿ ಕುರಿಯ ಉಣ್ಣೆ ಗಟ್ಟಿ, ಆದರೆ ಒರಟು. ಹಣೆಗೆ, ಕಿವಿಗೆ ತಾಗಿದರೆ ತುರಿಸುತ್ತದೆ. ಟೋಪಿಗೆ ಮೃದುವಾದ ಉಲ್ಲನ್ ದಾರವೇ ಸರಿ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್ ಎಂಬ ಕೃತಕ ನೂಲು. ಬೆಲೆ ಕಡಿಮೆ, ಒಗೆಯುವುದು ಸುಲಭ. ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಆದ್ದರಿಂದ ಸೌದೆ ಒಲೆಯ ಮುಂದೆ ಕೂರುವಾಗ ಅಂಥ ಟೋಪಿಯನ್ನು ತೆಗೆದಿಡಬೇಕು.

ಬೇಕಾಗುವ ಸಾಮಾನುಗಳು

ಮಧ್ಯಮ ದಪ್ಪದ ಉಲ್ಲನ್ ದಾರ ದೊಡ್ಡವರ ಒಂದು ಟೋಪಿಗೆ ಸುಮಾರು 100 ಗ್ರಾಂ. 4 ಮಿಲಿಮೀಟರಿನ ಕ್ರೋಷಾ ಕಡ್ಡಿ ಒಂದು. ಕುತ್ತಿಗೆ ಪಟ್ಟಿಗೆ 8ನೇ ನಂಬರಿನ ಹೆಣಿಗೆ ಕಡ್ಡಿ ಒಂದು ಜೊತೆ. ದಪ್ಪ ಕಣ್ಣಿನ ಸೂಜಿ, ಕತ್ತರಿ, ಅಳತೆ ಟೇಪು.

ಕ್ರೋಷಾದ ಮೂರು ಹೆಣಿಗೆಗಳು

1. ಸರಪಳಿ: ದಾರದಲ್ಲಿ ಜಾರುಗಂಟು ಹಾಕಿ ಕಡ್ಡಿಗೆ ಸೇರಿಸಿ. ಕಡ್ಡಿಗೆ ದಾರ ಸುತ್ತಿ ಕುಣಿಕೆಯ ಮೂಲಕ ಎಳೆಯಿರಿ. ಹೀಗೆ ಒಂದು ಸಲ ಎಳೆದರೆ ಒಂದು ಸರಪಳಿ.

2. ಗಿಡ್ಡ ಹೆಣಿಗೆ: ಕಡ್ಡಿಯನ್ನು ಕೆಳಗಿನ ಸಾಲಿನ ಹೆಣಿಗೆಯೊಳಗೆ ತೂರಿಸಿ ದಾರ ಎಳೆದರೆ ಕಡ್ಡಿಯ ಮೇಲೆ 2 ಕುಣಿಕೆ ಇರುತ್ತವೆ. ಮತ್ತೆ ದಾರ ಸುತ್ತಿ ಎರಡರಿಂದಲೂ ಒಟ್ಟಿಗೆ ಎಳೆಯಿರಿ.

3. ಉದ್ದ ಹೆಣಿಗೆ: ಮೊದಲೇ ಒಮ್ಮೆ ದಾರ ಸುತ್ತಿಕೊಂಡು ಕಡ್ಡಿ ತೂರಿಸಿ, ದಾರ ಎಳೆಯಿರಿ. ಈಗ ಕಡ್ಡಿಯ ಮೇಲೆ 3 ಕುಣಿಕೆ. ದಾರ ಸುತ್ತಿ ಎರಡರಿಂದ ಎಳೆಯಿರಿ. ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ಬ್ರಿಟಿಷ್ ಪದ್ಧತಿಯ ಪುಸ್ತಕಗಳಲ್ಲಿ ಇದಕ್ಕೆ ಟ್ರೆಬಲ್ ಎನ್ನುತ್ತಾರೆ, ಅಮೆರಿಕದ ಪುಸ್ತಕಗಳಲ್ಲಿ ಇದೇ ಡಬಲ್ ಕ್ರೋಷೆ. ಹೆಸರು ನೋಡಿ ಗೊಂದಲಪಡದೆ ಕಡ್ಡಿಯ ಮೇಲಿನ ಕುಣಿಕೆಗಳನ್ನು ಎಣಿಸಿಕೊಳ್ಳಿ.

ಟೋಪಿ ಹೆಣೆಯುವ ಕ್ರಮ

ನೆತ್ತಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. 4 ಸರಪಳಿ ಹಾಕಿ, ಮೊದಲ ಸರಪಳಿಗೆ ಕಡ್ಡಿ ತೂರಿಸಿ ದಾರವನ್ನು ಎರಡೂ ಕುಣಿಕೆಯಿಂದ ಎಳೆದು ಉಂಗುರ ಮಾಡಿ. ಪ್ರತಿ ಸುತ್ತನ್ನೂ 3 ಸರಪಳಿಯಿಂದ ಪ್ರಾರಂಭಿಸಿ. ಅದನ್ನು ಒಂದು ಉದ್ದ ಹೆಣಿಗೆ ಎಂದು ಲೆಕ್ಕ ಹಿಡಿಯಿರಿ. ಸುತ್ತು ಮುಗಿದಾಗ ಆ ಸರಪಳಿಯ ತುದಿಗೆ ಉಂಗುರ ಕೂಡಿಸಿದ ಹಾಗೆಯೇ ಕೂಡಿಸಿ.

1ನೇ ಸುತ್ತು: ಉಂಗುರದೊಳಗೆ ಒಟ್ಟು 12 ಉದ್ದ ಹೆಣಿಗೆ.
2ನೇ ಸುತ್ತು: ಪ್ರತಿ ಹೆಣಿಗೆಯಲ್ಲೂ ಎರಡೆರಡು. ಒಟ್ಟು 24.
3ನೇ ಸುತ್ತು: ಒಂದರಲ್ಲಿ ಎರಡು, ಮುಂದಿನದರಲ್ಲಿ ಒಂದು. ಒಟ್ಟು 36.
4ನೇ ಸುತ್ತು: ಒಂದರಲ್ಲಿ ಎರಡು, ಮುಂದಿನ ಎರಡರಲ್ಲಿ ಒಂದೊಂದು. ಒಟ್ಟು 48.

ಮುಂದೆಯೂ ಇದೇ ಲೆಕ್ಕ. ಪ್ರತಿ ಸುತ್ತಿಗೆ 12 ಹೆಣಿಗೆ ಹೆಚ್ಚುತ್ತವೆ. ಹಸುಗೂಸಿನ ಕುಲಾವಿಗೆ 4 ಸುತ್ತು, ಅಂದರೆ 48 ಹೆಣಿಗೆ ಸಾಕು. ಶಾಲೆಗೆ ಹೋಗುವ ಮಗುವಿಗೆ 6 ಸುತ್ತು, 72 ಹೆಣಿಗೆ. ದೊಡ್ಡವರಿಗೆ 7 ಸುತ್ತು, 84 ಹೆಣಿಗೆ. ಕೈಯ ಬಿಗಿ ಒಬ್ಬರಿಂದೊಬ್ಬರಿಗೆ ಬೇರೆಯಾದ್ದರಿಂದ ಟೇಪು ಹಿಡಿದು ನೋಡುವುದು ಒಳ್ಳೆಯದು. ತಲೆಯ ಸುತ್ತಳತೆಯಲ್ಲಿ 3 ಸೆಂಟಿಮೀಟರ್ ಕಳೆದು, ಉಳಿದದ್ದನ್ನು 3.14ರಿಂದ ಭಾಗಿಸಿದರೆ ಬರುವುದೇ ಬಿಲ್ಲೆಯ ಅಡ್ಡಳತೆ. ತಲೆ 54 ಸೆಂಟಿಮೀಟರ್ ಇದ್ದರೆ ಬಿಲ್ಲೆ ಸುಮಾರು 16 ಸೆಂಟಿಮೀಟರ್ ಬರಬೇಕು.

ಬಿಲ್ಲೆಯನ್ನು ನೆಲದ ಮೇಲಿಟ್ಟು ನೋಡಿ. ಬಟ್ಟಲಿನಂತೆ ಮುದುಡಿದರೆ ಹೆಚ್ಚಿಸುವುದನ್ನು ಎಲ್ಲೋ ಮರೆತಿರುತ್ತೀರಿ, ಅಥವಾ ಕೈ ಬಿಗಿಯಾಗಿರುತ್ತದೆ. ಅಂಚು ನೆರಿಗೆ ಬಿದ್ದರೆ ಹೆಚ್ಚಾಗಿ ಹಾಕಿರುತ್ತೀರಿ. ಆ ಸುತ್ತನ್ನು ಬಿಚ್ಚಿ ಪುನಃ ಹಾಕಿ. ಉಲ್ಲನ್ ಬಿಚ್ಚಿದರೆ ನಷ್ಟವೇನಿಲ್ಲ.

ಬಿಲ್ಲೆ ಸರಿಯಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ, ಒಂದರ ಮೇಲೆ ಒಂದರಂತೆ ಸುತ್ತುತ್ತಾ ಬನ್ನಿ. ನೆತ್ತಿಯಿಂದ ಅಂಚಿನವರೆಗೆ 22 ಸೆಂಟಿಮೀಟರ್ ಆದರೆ ದೊಡ್ಡವರ ಕಿವಿ ಮುಚ್ಚುತ್ತದೆ. ಕೊನೆಯ ಎರಡು ಸುತ್ತು ಗಿಡ್ಡ ಹೆಣಿಗೆ ಹಾಕಿದರೆ ಅಂಚು ಬಿಗಿಯಾಗಿ ಕೂರುತ್ತದೆ. ದಾರ ಕತ್ತರಿಸಿ, ತುದಿಯನ್ನು ಸೂಜಿಯಿಂದ ಒಳಗೆ ಹೊಲಿದುಬಿಡಿ.

ಮಫ್ಲರ್ ಬೇಡ, ಕುತ್ತಿಗೆ ಪಟ್ಟಿ ಸಾಕು

ಚಳಿಗೆ ಉದ್ದನೆಯ ಮಫ್ಲರ್ ಸುತ್ತಿಕೊಂಡು ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವುದು ಪ್ರಾಣಕ್ಕೇ ಅಪಾಯ. ಜೋಲುವ ತುದಿ ಚಕ್ರಕ್ಕಾಗಲೀ ಬೆಲ್ಟಿಗಾಗಲೀ ಸಿಕ್ಕಿದರೆ ಕ್ಷಣದಲ್ಲಿ ಕುತ್ತಿಗೆಯನ್ನೇ ಎಳೆದುಕೊಳ್ಳುತ್ತದೆ. ಸೀರೆಯ ಸೆರಗು, ದುಪಟ್ಟಾಗಳಿಗೂ ಇದೇ ಮಾತು. ಅದರ ಬದಲು ತುದಿಯಿಲ್ಲದ ಪಟ್ಟಿಯನ್ನು ಹೆಣೆದು ತಲೆಯ ಮೇಲಿಂದ ಹಾಕಿಕೊಳ್ಳಿ.

ಕಡ್ಡಿಯ ಮೇಲೆ 40 ಕುಣಿಕೆ ಏರಿಸಿ. ಎಡಗಡ್ಡಿಯ ಮೊದಲ ಕುಣಿಕೆಗೆ ಬಲಗಡ್ಡಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ, ದಾರ ಸುತ್ತಿ, ಆ ಸುತ್ತನ್ನು ಈಚೆಗೆ ಎಳೆದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಿ. ಇದು ಸೀದಾ ಹೆಣಿಗೆ. ಎಲ್ಲ ಸಾಲುಗಳನ್ನೂ ಸೀದಾ ಹೆಣೆಯುತ್ತಾ ಹೋದರೆ ಎರಡೂ ಬದಿ ಒಂದೇ ಬಗೆಯಾಗಿ ಬರುತ್ತದೆ, ಅಂಚು ಸುರುಳಿಯಾಗುವುದಿಲ್ಲ. 56 ಸೆಂಟಿಮೀಟರ್ ಉದ್ದ ಆದಾಗ ಕುಣಿಕೆಗಳನ್ನು ಸಡಿಲವಾಗಿ ಮುಚ್ಚಿ, ಎರಡು ತುದಿಗಳನ್ನು ಸೇರಿಸಿ ಹೊಲಿಯಿರಿ.

ಇದೇ ಕಾರಣಕ್ಕೆ ಕೂಸಿನ ಕುಲಾವಿಗೂ ಕಟ್ಟುವ ಲಾಡಿ ಬೇಡ. ಕೂಸಿಗೆ ಬೆವರಿದರೆ ಟೋಪಿ ತೆಗೆಯಿರಿ.

ಶುದ್ಧ ಹಾಲಿಗೂ ಟೋಪಿ

ಕರೆಯುವವರ ತಲೆಗೂದಲು ಪಾತ್ರೆಗೆ ಬೀಳಬಾರದೆಂಬುದು ಶುದ್ಧ ಹಾಲು ಉತ್ಪಾದನೆಯ ನಿಯಮಗಳಲ್ಲೊಂದು. ಆದರೆ ಉಲ್ಲನ್ನಿನಿಂದಲೂ ನವಿರು ಉದುರುತ್ತದೆ, ಹಸುವಿನ ಕೂದಲು ಅದಕ್ಕೆ ಅಂಟುತ್ತದೆ. ಆದ್ದರಿಂದ ಕರೆಯುವಾಗ ಉಲ್ಲನ್ ಟೋಪಿಯ ಮೇಲೆ ಒಗೆದ ಹತ್ತಿ ಬಟ್ಟೆ ಕಟ್ಟಿಕೊಳ್ಳಿ. ಇಲ್ಲವೇ ಹತ್ತಿ ನೂಲಿನಲ್ಲಿ, ಪೂರ್ತಿ ಗಿಡ್ಡ ಹೆಣಿಗೆಯಲ್ಲಿ, ಸಂದಿಲ್ಲದಂತೆ ಬೇರೊಂದು ಟೋಪಿ ಹೆಣೆದಿಡಿ. ಗಿಡ್ಡ ಹೆಣಿಗೆಯ ಬಿಲ್ಲೆಯನ್ನು 6ರಿಂದ ಆರಂಭಿಸಿ ಸುತ್ತಿಗೆ ಆರಾರು ಹೆಚ್ಚಿಸಿ, ಟೇಪಿನ ಅಳತೆಗೆ ನಿಲ್ಲಿಸಬೇಕು. ಹತ್ತಿಯದನ್ನು ಬಿಸಿನೀರಿನಲ್ಲಿ ಒಗೆಯಬಹುದು. ಉಲ್ಲನ್ನಿಗೆ ತಣ್ಣೀರೇ ಸರಿ. ಹಿಂಡದೆ, ನೆರಳಿನಲ್ಲಿ ಹರಡಿ ಒಣಗಿಸಿ, ಇಸ್ತ್ರಿ ಹಾಕಬೇಡಿ.

ಮಾರಾಟದ ಲೆಕ್ಕ

ಕೈ ಕುದುರಿದ ಮೇಲೆ ಮಾರಬಹುದಲ್ಲ ಎಂಬ ಆಸೆ ಸಹಜ. ಯಲಹಂಕದ ಭಾಗ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿ, ಸುತ್ತ ಬಡಾವಣೆಗಳು ಎದ್ದಿವೆ. ಕೊಳ್ಳುವವರು ಹತ್ತಿರದಲ್ಲೇ ಇದ್ದಾರೆ. ಆದರೆ ಚಳಿಗಾಲದಲ್ಲಿ ಟಿಬೆಟನ್ ವ್ಯಾಪಾರಿಗಳೂ ಬೀದಿಬದಿಯವರೂ ಮಾರುವ ಲೂಧಿಯಾನದ ಯಂತ್ರದ ಟೋಪಿಯ ಬೆಲೆಗೆ ನಮ್ಮ ಕೈ ಹೆಣಿಗೆ ಪೈಪೋಟಿ ಕೊಡಲಾರದು. ಒಂದು ಉದಾಹರಣೆ ತೆಗೆದುಕೊಳ್ಳಿ. ದಾರಕ್ಕೆ 80 ರೂಪಾಯಿ, ಟೋಪಿ ಮಾರಿದ್ದು 200 ರೂಪಾಯಿಗೆ, ಹೆಣೆಯಲು ಹಿಡಿದದ್ದು 6 ಗಂಟೆ. ಉಳಿದ 120 ರೂಪಾಯಿಯನ್ನು 6ರಿಂದ ಭಾಗಿಸಿದರೆ ಗಂಟೆಗೆ 20 ರೂಪಾಯಿ. ಇದನ್ನು ಕೂಲಿಯೊಂದಿಗೆ ಹೋಲಿಸಿ ನೋಡಿ.

ಆಂಧ್ರದ ಪಶ್ಚಿಮ ಗೋದಾವರಿ ಸೀಮೆಯ ನರಸಾಪುರದಲ್ಲಿ ಸಾವಿರಾರು ಹೆಂಗಸರು ಕ್ರೋಷಾ ಲೇಸನ್ನು ಮನೆಯಲ್ಲೇ ಹೆಣೆಯುತ್ತಾ ಬಂದಿದ್ದಾರೆ. ಅವರ ಬಗ್ಗೆ ಮಾರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ‘ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡುವ ಕೆಲಸ ತಾನೇ’ ಎಂಬ ಮಾತಿನಿಂದಲೇ ಹೆಣೆಯುವವರಿಗೆ ಅತ್ಯಲ್ಪ ಕೂಲಿ ಸಿಕ್ಕಿ, ಲಾಭವೆಲ್ಲ ದಲ್ಲಾಳಿ ಮತ್ತು ರಫ್ತುದಾರರ ಪಾಲಾಗುತ್ತಿತ್ತು ಎಂದು ಅವರು ತೋರಿಸಿದರು. ಹಾಲಿನಲ್ಲಿ ಇದೇ ಅನ್ಯಾಯ ತಪ್ಪಿಸಲೆಂದೇ ನಮ್ಮ ಸಂಘಗಳು ಹುಟ್ಟಿದ್ದು. ಡೇರಿಯಲ್ಲಿ ಹಾಲಿನ ಅಳತೆಯಾಗುತ್ತದೆ, ಕೊಬ್ಬಿನ ಪರೀಕ್ಷೆಯಾಗುತ್ತದೆ, ಪಾಸ್ ಪುಸ್ತಕದಲ್ಲಿ ಬರೆಯುತ್ತಾರೆ. ಹೆಣಿಗೆಗೂ ಅಂಥದೇ ಲೆಕ್ಕ ಬೇಕು.

ಆದ್ದರಿಂದ ಸಾಲ ಮಾಡಿ ದಾರ ತರಬೇಡಿ. ಮೊದಲ ಟೋಪಿ ಮನೆಯವರಿಗೇ ಇರಲಿ. ಮಾರುವುದಾದರೆ ನಾಲ್ಕೈದು ಮಂದಿ ಸೇರಿ ದಾರವನ್ನು ಒಟ್ಟಿಗೆ ತಂದು, ಹಿಡಿದ ವೇಳೆಯನ್ನು ಚೀಟಿಯಲ್ಲಿ ಬರೆದಿಟ್ಟು, ಒಂದೇ ದರ ಗೊತ್ತುಮಾಡಿಕೊಳ್ಳಿ. ಕೂಸಿನ ಕುಲಾವಿಗೆ ದಾರ ಕಡಿಮೆ ಸಾಕು, ಬೇಗ ಮುಗಿಯುತ್ತದೆ, ಬೇಕಾದ ಬಣ್ಣ ಹೇಳಿ ಮಾಡಿಸಿಕೊಳ್ಳುವವರೂ ಇರುತ್ತಾರೆ. ಆರಂಭಿಸುವುದಾದರೆ ಅದರಿಂದಲೇ ಆರಂಭಿಸುವುದು ಉತ್ತಮ.

ಕಾರ್ತಿಕದಲ್ಲಿ ಕಡ್ಡಿ ಹಿಡಿದು ದಿನಕ್ಕೆ ಒಂದು ಗಂಟೆ ಕೂತರೆ, ಧನುರ್ಮಾಸ ಬರುವಷ್ಟರಲ್ಲಿ ಮನೆಮಂದಿಗೆಲ್ಲ ಟೋಪಿ ಸಿದ್ಧವಾಗುತ್ತದೆ.